ಟಿಪ್ಪುವಿನ ಓಲೆಗಳು ಮತ್ತು ನಮ್ಮ ಅರ್ಧ ಓದು

ಪೆರೇಸಂದ್ರದಲ್ಲಿ ಬೆಳಗಿನ ಹೊತ್ತು ಚಿಕ್ಕಬಳ್ಳಾಪುರದ ಬಸ್ಸಿಗೆ ಕಾಯುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಇರುವುದುಂಟು. ಅದರೊಳಗೆ ಪಹಣಿ, ಆಧಾರ್ ಕಾರ್ಡಿನ ಜೆರಾಕ್ಸ್, ಎಲ್ಲಕ್ಕಿಂತ ಮೇಲೆ ಯಾರೋ ಜನಪ್ರತಿನಿಧಿಯ ಲೆಟರ್‌ಹೆಡ್ಡಿನಲ್ಲಿ ಬರೆಸಿದ ನಾಲ್ಕು ಸಾಲು. ಇವರು ನಮ್ಮ ಕ್ಷೇತ್ರದವರು, ಇವರ ಕೆಲಸ ಮಾಡಿಕೊಡತಕ್ಕದ್ದು ಎಂಬ ಶಿಫಾರಸು. ಆ ಪತ್ರವನ್ನು ಹಿಡಿದವನಿಗೆ ಅದರ ಪೂರ್ತಿ ಅರ್ಥ ಗೊತ್ತು. ಬರೆದವನು ಯಾರು, ಯಾಕೆ ಬರೆದ, ಚುನಾವಣೆ ಬಂದಾಗ ಇದನ್ನು ಹೇಗೆ ನೆನಪಿಸುತ್ತಾನೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಂದು ಆ ಪತ್ರ ಸುಳ್ಳು ಎಂದೂ ಅವನು ಹೇಳುವುದಿಲ್ಲ. ಅದರಿಂದ ಮಗಳ ಹಾಸ್ಟೆಲ್ ಸೀಟು ಸಿಕ್ಕಿದ್ದರೆ, ಆ ಉಪಕಾರ ನಿಜವಾದದ್ದೇ.

ಇಷ್ಟು ಚೆನ್ನಾಗಿ ಪತ್ರ ಓದಬಲ್ಲ ನಾವು ಇತಿಹಾಸದ ಪತ್ರಗಳು ಎದುರಾದ ಕೂಡಲೇ ಆ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬರುತ್ತೇವೆ. ಟಿಪ್ಪು ಸುಲ್ತಾನ್ ಶೃಂಗೇರಿ ಮಠಕ್ಕೆ ಬರೆದ ಓಲೆಗಳ ವಿಷಯದಲ್ಲಿ ಆಗಿರುವುದು ಇದೇ. ಒಬ್ಬರಿಗೆ ಅವು ಪರಧರ್ಮ ಸಹಿಷ್ಣುತೆಯ ಸರ್ಟಿಫಿಕೇಟು, ಇನ್ನೊಬ್ಬರಿಗೆ ಕಷ್ಟಕಾಲದ ನಾಟಕ. ಇಬ್ಬರ ಕೈಯಲ್ಲೂ ಅವು ಪತ್ರಗಳಾಗಿ ಉಳಿದಿಲ್ಲ.

ಮೊದಲು ಪತ್ರಗಳಲ್ಲಿ ಏನಿದೆ ಎಂದು ನೋಡೋಣ. 1791ರಲ್ಲಿ ಮೂರನೆಯ ಮೈಸೂರು ಯುದ್ಧದ ನಡುವೆ ಮರಾಠಾ ಸೇನೆಯ ಸವಾರರು ಶೃಂಗೇರಿಯನ್ನು ಲೂಟಿ ಮಾಡಿದರು. ಜನ ಸತ್ತರು, ಶಾರದೆಯ ಮೂರ್ತಿ ಸ್ಥಾನ ಕಳೆದುಕೊಂಡಿತು, ಮಠದ ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ಆಶ್ರಯ ಪಡೆದರು. ಅಲ್ಲಿಂದ ಅವರು ಟಿಪ್ಪುವಿಗೆ ಬರೆದರು. ಟಿಪ್ಪು ದುಃಖದಿಂದಲೂ ಕೋಪದಿಂದಲೂ ಉತ್ತರಿಸಿದ. ಪುಣ್ಯಸ್ಥಳಕ್ಕೆ ಕೈಯಿಟ್ಟವರು ತಮ್ಮ ಪಾಪದ ಫಲವನ್ನು ಬೇಗನೆ ಉಣ್ಣುತ್ತಾರೆಂದು ಒಂದು ಸಂಸ್ಕೃತ ಶ್ಲೋಕದ ಮೂಲಕವೇ ಹೇಳಿದ. ಶಾರದೆಯ ಪುನಃಪ್ರತಿಷ್ಠೆಗಾಗಿ 200 ರಹತಿ ನಗದನ್ನೂ ಬೇಕಾದ ಸಾಮಗ್ರಿಯನ್ನೂ ಒದಗಿಸುವಂತೆ ಬಿದನೂರಿನ ಆಸಫನಿಗೆ, ಅಂದರೆ ಆ ಪ್ರಾಂತ್ಯದ ಮೇಲಧಿಕಾರಿಗೆ, ಅಪ್ಪಣೆ ಮಾಡಿದ. ಮುಂದೆ ಶತಚಂಡಿ, ಸಹಸ್ರಚಂಡಿ ಜಪಗಳಿಗೂ ಖರ್ಚು ಕೊಟ್ಟ. ದೇವಿಗೆ ಉಡುಪು, ಸ್ವಾಮಿಗಳಿಗೆ ಶಾಲು ಹೋದವು. ಮಠದಿಂದ ಪ್ರಸಾದ ಬಂತು. ಪತ್ರಗಳಲ್ಲಿ ಅವನು ಸ್ವಾಮಿಗಳನ್ನು ಜಗದ್ಗುರು ಎಂದೇ ಸಂಬೋಧಿಸುತ್ತಾನೆ. ಇವೆಲ್ಲ ಕನ್ನಡದಲ್ಲಿವೆ. ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದ ಕಡತಗಳಲ್ಲಿ ಇಂಥ ಸುಮಾರು ಮೂವತ್ತು ಓಲೆಗಳನ್ನು ಕಂಡು ಹೊರತಂದರು.

ಟಿಪ್ಪುವಿನ ಪರವಾಗಿ ಮಾತನಾಡುವ ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಪತ್ರ ಇಲ್ಲಿಗೆ ನಿಲ್ಲುವುದಿಲ್ಲ. ಅದರಲ್ಲಿ ಒಂದು ಬೇಡಿಕೆಯೂ ಇದೆ: ನಮ್ಮ ಶತ್ರುಗಳ ನಾಶವಾಗಲಿ, ನಮ್ಮ ರಾಜ್ಯಕ್ಕೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಬೇಕು. ಕೊಡುವುದರ ಜೊತೆಯಲ್ಲೇ ಕೇಳುವುದೂ ಇದೆ.

ಆ ವರ್ಷವನ್ನು ನೆನಪಿಸಿಕೊಂಡರೆ ಬೇಡಿಕೆಯ ತೂಕ ತಿಳಿಯುತ್ತದೆ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ವಶವಾಗಿತ್ತು. ಅಕ್ಟೋಬರಿನಲ್ಲಿ ಅವನ ಪಡೆ ನಮ್ಮ ನಂದಿದುರ್ಗವನ್ನು ಹತ್ತಿತು. ಹತ್ತು ವರ್ಷ ಹಿಂದೆ, 1781ರ ಅದೇ ಅಕ್ಟೋಬರಿನಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾಗಿದ್ದ ಕಾರ್ನ್‌ವಾಲಿಸ್ ಇವನೇ. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಿ ಸಂಧಿ ಮಾಡಿಕೊಳ್ಳಬೇಕಾಯಿತು. ಹಾಗಾಗಿ ಶೃಂಗೇರಿಗೆ ಹೋದ ಓಲೆ ಯುದ್ಧಕಾಲದ ರಾಜಕೀಯ ಪತ್ರವೂ ಹೌದು. ಮಲೆನಾಡಿನ ಜನ ಯಾರ ಕಡೆ ಇರುತ್ತಾರೆ ಎಂಬ ಪ್ರಶ್ನೆ ಅದರ ಹಿಂದೆ ಇದೆ.

ಹಾಗಾದರೆ ವಿರೋಧಿಗಳು ಹೇಳುವ ನಾಟಕದ ಮಾತು ಸರಿಯೇ? ಸರಿಯಲ್ಲ. ಶೃಂಗೇರಿಗೂ ಅರಸರಿಗೂ ನಡುವಿನ ಕೊಡುಕೊಳ್ಳುವಿಕೆ ವಿಜಯನಗರದಿಂದ, ಕೆಳದಿಯ ನಾಯಕರಿಂದ ನಡೆದುಬಂದದ್ದು. ಟಿಪ್ಪುವಿನ ತಂದೆ ಹೈದರನೂ ಮಠಕ್ಕೆ ಪತ್ರ ಬರೆದಿದ್ದಾನೆ. ಯುದ್ಧ ಮುಗಿದ ಮೇಲೆ, 1793ರಲ್ಲೂ, ಟಿಪ್ಪು ಬರೆಯುತ್ತಾನೆ: ತಮ್ಮಂಥ ಮಹಾತ್ಮರು ಇರುವ ನಾಡಿನಲ್ಲಿ ಮಳೆ ಬೆಳೆ ಚೆನ್ನಾಗಿರುತ್ತದೆ, ಪರದೇಶದಲ್ಲಿ ಬಹಳ ದಿನ ಯಾಕೆ ಇರಬೇಕು, ಬೇಗ ಬನ್ನಿ, ಎಂಬ ಅರ್ಥದ ಪತ್ರವದು. ಭಯದಿಂದ ಮಾತ್ರ ಬರೆಯುವವನು ಭಯ ಕಳೆದ ಮೇಲೆ ಮಳೆ ಬೆಳೆಯ ಮಾತೆತ್ತಿ ಕರೆಯುವುದಿಲ್ಲ. ಇದು ಆಸ್ಥಾನವೊಂದರ ರೂಢಿ, ನಂಬಿಕೆ, ಅಗತ್ಯ ಮೂರೂ ಬೆರೆತ ಸಂಬಂಧ. ಅದನ್ನು ಬಿಡಿಸಿ ಒಂದನ್ನೇ ತೋರಿಸುವವರು ಅರ್ಧ ಓದಿದವರು.

ಪೋಷಣೆ ಎಂದರೆ ಒಪ್ಪಂದವೇ ಎನ್ನುವುದಕ್ಕೆ ನಾವು ಶೃಂಗೇರಿಯವರೆಗೆ ಹೋಗಬೇಕಾಗಿಯೂ ಇಲ್ಲ. ಪೆರೇಸಂದ್ರದಂಥ ಹೆಸರುಗಳ ಕೊನೆಯ ಸಂದ್ರ ಎಂದರೆ ಸಮುದ್ರ, ಅಂದರೆ ಕೆರೆ. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಸೀಮೆಯಲ್ಲಿ ಕೆರೆ ಕಟ್ಟಿಸಿದವನಿಗೆ, ಕಟ್ಟೆ ಕಾಪಾಡಿದವನಿಗೆ ಭೂಮಿ ಬಿಡುತ್ತಿದ್ದರು. ಕಟ್ಟುಕೊಡಗೆ, ದಸವಂದ ಎಂಬ ಮಾತುಗಳು ಕೋಲಾರ ಸೀಮೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೂ ಸೇರಿವೆ. ಆ ಕಲ್ಲುಗಳನ್ನು ಓದಿ ಅರಸನನ್ನು ಉದಾರಿ ಎಂದು ಕೊಂಡಾಡುವವರೂ ಇಲ್ಲ, ಕಪಟಿ ಎಂದು ಬೈಯುವವರೂ ಇಲ್ಲ. ಭೂಮಿ ಕೊಟ್ಟ, ಕೆರೆ ಉಳಿಯಿತು, ಅಷ್ಟೇ. ಟಿಪ್ಪುವಿನ ಓಲೆಗೆ ಮಾತ್ರ ನಾವು ಬೇರೆ ತಕ್ಕಡಿ ಹಿಡಿಯುತ್ತೇವೆ.

ಇನ್ನೊಂದು ಕಡೆಯ ಅರ್ಧ ಓದಿಗೆ ಒಂದು ಪುಸ್ತಕದ ಚರಿತ್ರೆಯೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಪಾರಸಿ ಪತ್ರಗಳು ಗೆದ್ದವರ ಕೈ ಸೇರಿದವು. ಕಂಪನಿಯ ಸೇನಾಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವುಗಳಲ್ಲಿ ಕೆಲವನ್ನು ಆರಿಸಿ, ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಪತ್ರ ಬರೆದವನು ಕ್ರೂರಿ, ಮತಾಂಧ ಎಂಬ ತೀರ್ಪು ಮುನ್ನುಡಿಯಲ್ಲೇ ಇದೆ. ಓದುಗ ಮೊದಲ ಪತ್ರಕ್ಕೆ ಬರುವ ಮುಂಚೆಯೇ ಸಾಕ್ಷಿ ವಿಚಾರಣೆ ಮುಗಿದಿರುತ್ತದೆ. ಆರಿಸಿದವನು ಶತ್ರು, ಅನುವಾದಿಸಿದವನು ಶತ್ರು, ಟಿಪ್ಪಣಿ ಬರೆದವನೂ ಅವನೇ. ಇದನ್ನು ಮರೆತು ಆ ಪುಸ್ತಕವನ್ನು ಉದ್ಧರಿಸುವವರು ವಿಮರ್ಶೆಯ ಮೊದಲ ಪಾಠವನ್ನೇ ಬಿಟ್ಟಿದ್ದಾರೆ.

ಆದರೆ ಶತ್ರು ಆರಿಸಿದ ಎಂದ ಮಾತ್ರಕ್ಕೆ ಪತ್ರಗಳು ಸುಳ್ಳಾಗುವುದಿಲ್ಲ. ಕೊಡಗಿನವರನ್ನು ಸೆರೆಹಿಡಿದು ಮತಾಂತರ ಮಾಡಿದ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡ ಪತ್ರ ಅಲ್ಲಿದೆ. ಅದರಲ್ಲಿನ ಸಂಖ್ಯೆ ಉತ್ಪ್ರೇಕ್ಷೆ ಎನ್ನಬಹುದು, ದಂಗೆಯನ್ನು ಅಡಗಿಸುವ ರಾಜನೀತಿ ಎಂದು ವಿವರಿಸಬಹುದು. ಆದರೂ ಆ ನೋವು ನಿಜ, ಅದನ್ನು ನೆನಪಿಟ್ಟುಕೊಂಡವರಿಗೆ ಶೃಂಗೇರಿಯ ಪತ್ರ ತೋರಿಸಿ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಒಂದು ಓಲೆ ಇನ್ನೊಂದು ಓಲೆಯನ್ನು ಅಳಿಸುವುದಿಲ್ಲ.

ಅದೇ ಪುಸ್ತಕದಲ್ಲಿ 1786ರ ಒಂದು ಪತ್ರವೂ ಇದೆ. ಬಂಗಾಳಕ್ಕೆ ಕಳುಹಿಸಿದ್ದ ಇಬ್ಬರು ರೇಷ್ಮೆ ಹುಳುಗಳನ್ನು ತೆಗೆದುಕೊಂಡು ಹಿಂದಿರುಗುತ್ತಿದ್ದಾರೆ, ಹುಳುಗಳನ್ನು ಎಲ್ಲಿ ಇಡಬೇಕೆಂದು ಅವರನ್ನೇ ಕೇಳಿ ವ್ಯವಸ್ಥೆ ಮಾಡು ಎಂದು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದದ್ದು. ಆ ಇಬ್ಬರಲ್ಲಿ ಒಬ್ಬ ಬುರ್ಹಾನುದ್ದೀನ್, ಇನ್ನೊಬ್ಬ ಕಸ್ತೂರಿ ರಂಗ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತನಿಗೂ, ಅದನ್ನು ಕೊಂಡು ನೂಲು ತೆಗೆಯುವ ಬಿಚ್ಚಣಿಕೆಯವನಿಗೂ ಈ ಪತ್ರ ಎಲ್ಲಕ್ಕಿಂತ ಹತ್ತಿರದ್ದು. ಭಾಷಣಗಳಲ್ಲಿ ಮಾತ್ರ ಇದು ಅಪರೂಪ. ಇದರಿಂದ ಯಾರನ್ನೂ ಹೊಗಳಲು, ಯಾರನ್ನೂ ಹೊಡೆಯಲು ಬರುವುದಿಲ್ಲವಲ್ಲ!

ತಮ್ಮ ರಾಷ್ಟ್ರಪಿತರ ಪತ್ರಗಳ ವಿಷಯದಲ್ಲಿ ಬೇರೆಯವರು ಏನು ಮಾಡಿದ್ದಾರೆ? ಅಮೆರಿಕದ್ದೇ ಉದಾಹರಣೆ ನೋಡಬಹುದು. ಅಲ್ಲಿಗೆ ನಮ್ಮ ಕಡೆಯಿಂದ ಒಂದು ದಾರಿಯೂ ಇದೆ. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಒಂದು ಅಮೆರಿಕನ್ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆ ಹಡಗಿನ ಹೆಸರು ‘ಹೈದರ್ ಅಲಿ’. ಇಂಗ್ಲಿಷರ ಜೊತೆ ಕಾದಾಡುತ್ತಿದ್ದ ಮೈಸೂರಿನ ಹೈದರನ ಹೆಸರು ಅಷ್ಟು ದೂರ ಹೋಗಿತ್ತು. ಆ ಗೆಲುವಿನ ಮೇಲೆ ಹಾಡು ಕಟ್ಟಿದವನು ಫಿಲಿಪ್ ಫ್ರೆನೋ ಎಂಬ ಕವಿ.

ಇದೇ ಫ್ರೆನೋಗೆ 1791ರ ಫೆಬ್ರವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ ಪತ್ರ ಬರೆದ. ತನ್ನ ಇಲಾಖೆಯಲ್ಲಿ ಅನುವಾದಕ ಗುಮಾಸ್ತನ ಕೆಲಸವಿದೆ, ಸಂಬಳ ವರ್ಷಕ್ಕೆ 250 ಡಾಲರ್, ಕೆಲಸ ಕಡಿಮೆ, ಬೇರೆ ಉದ್ಯೋಗಕ್ಕೆ ಅಡ್ಡಿಯಾಗದು ಎಂದು. ಅದೇ ಅಕ್ಟೋಬರಿನ ಕೊನೆಯ ದಿನ, ಇಲ್ಲಿ ನಂದಿಯ ಕೋಟೆ ಬಿದ್ದ ತಿಂಗಳಲ್ಲೇ, ಅಲ್ಲಿ ಫ್ರೆನೋನ ‘ನ್ಯಾಷನಲ್ ಗೆಜೆಟ್’ ಪತ್ರಿಕೆ ಹೊರಬಂತು. ಅದು ಹಣಕಾಸು ಕಾರ್ಯದರ್ಶಿ ಹ್ಯಾಮಿಲ್ಟನ್ನನನ್ನು ಟೀಕಿಸಿತು, ಕ್ರಮೇಣ ವಾಷಿಂಗ್ಟನ್ನನ ಸರ್ಕಾರವನ್ನೇ ಟೀಕಿಸಿತು. ಜೆಫರ್ಸನ್ ಆ ಸರ್ಕಾರದಲ್ಲೇ ಮಂತ್ರಿ! 1792ರ ಜುಲೈಯಲ್ಲಿ ಹ್ಯಾಮಿಲ್ಟನ್ ಸುಳ್ಳು ಹೆಸರಿನಲ್ಲಿ ಪತ್ರಿಕೆಗೆ ಬರೆದು, ಈ ಸಂಪಾದಕನಿಗೆ ಸರ್ಕಾರ ಸಂಬಳ ಕೊಡುವುದು ಅನುವಾದಕ್ಕೋ ಬೈಗುಳಕ್ಕೋ ಎಂದು ಕೇಳಿದ. ಹಾಗೆ ಕೇಳಿದ ಹ್ಯಾಮಿಲ್ಟನ್ನನೂ ಎದುರು ಪತ್ರಿಕೆಯ ಸಂಪಾದಕನಿಗೆ ಪೋಷಕನಾಗಿದ್ದವನೇ. ಜೆಫರ್ಸನ್ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನನಿಗೆ ಉದ್ದನೆಯ ಪತ್ರ ಬರೆದು, ಪತ್ರಿಕೆಯ ಬರಹಗಳಲ್ಲಿ ತನ್ನ ಕೈಯಿಲ್ಲ ಎಂದು ಸಮರ್ಥಿಸಿಕೊಂಡ.

ಕ್ಯಾಲೆಂಡರ್ ಎಂಬ ಇನ್ನೊಬ್ಬ ಬರಹಗಾರನ ಕಥೆ ಇದಕ್ಕಿಂತ ಕಹಿ. ಅವನಿಗೂ ಜೆಫರ್ಸನ್ ಹಣ ಕಳುಹಿಸಿದ್ದ. ಜೆಫರ್ಸನ್ ಅಧ್ಯಕ್ಷನಾದ ಮೇಲೆ ಕ್ಯಾಲೆಂಡರ್ ರಿಚ್ಮಂಡಿನ ಪೋಸ್ಟ್‌ಮಾಸ್ಟರ್ ಕೆಲಸ ಬಯಸಿದ, ಸಿಗಲಿಲ್ಲ. 1802ರಲ್ಲಿ ಅವನು ತಿರುಗಿಬಿದ್ದು ಜೆಫರ್ಸನ್ನನ ಪತ್ರಗಳನ್ನೇ ಬಯಲಿಗೆ ತಂದ.

ಈ ಪತ್ರಗಳನ್ನು ಅಮೆರಿಕನ್ನರು ಮುಚ್ಚಿಡಲಿಲ್ಲ. 1950ರಿಂದ ಪ್ರಿನ್ಸ್‌ಟನ್ನಿನಿಂದ ಜೆಫರ್ಸನ್ನನ ಪತ್ರಗಳ ಸಂಪುಟಗಳು ಬರುತ್ತಿವೆ. ಅವನು ಬರೆದದ್ದಷ್ಟೇ ಅಲ್ಲ, ಅವನಿಗೆ ಬಂದ ಪತ್ರಗಳೂ ತಾರೀಖಿನ ಕ್ರಮದಲ್ಲಿ ಇವೆ. ಅವುಗಳಲ್ಲಿ ಸ್ವಾತಂತ್ರ್ಯದ ದೊಡ್ಡ ಮಾತೂ ಸಿಗುತ್ತದೆ, ಪತ್ರಕರ್ತನಿಗೆ ಕೊಟ್ಟ ಸಣ್ಣ ಸಂಬಳವೂ ಸಿಗುತ್ತದೆ, ಗುಲಾಮರ ಲೆಕ್ಕವೂ ಸಿಗುತ್ತದೆ. ಅಲ್ಲೂ ಜಗಳ ನಿಂತಿಲ್ಲ. ಆದರೆ ಜಗಳವಾಡುವ ಇಬ್ಬರ ಮುಂದೆಯೂ ಅದೇ ಪತ್ರಗಳಿವೆ.

ನಮ್ಮಲ್ಲಿ ಹಾಗಾಗಲಿಲ್ಲ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ರದ್ದುಮಾಡಿತು. ನಡುವಿನ ವರ್ಷಗಳಲ್ಲಿ ಎರಡು ಕಡೆಯವರಿಗೂ ಒಂದೆರಡು ಪತ್ರಗಳೇ ಸಾಕಾದವು. ಎ.ಕೆ. ಶಾಸ್ತ್ರಿಯವರಂಥ ವಿದ್ವಾಂಸರು ಶೃಂಗೇರಿಯ ಕಡತಗಳೊಡನೆ ವರ್ಷಗಟ್ಟಲೆ ಕುಳಿತು ದಾಖಲೆಗಳನ್ನು ಪ್ರಕಟಿಸಿದ್ದಾರೆ. ಅವರ ದುಡಿಮೆಯಿಂದ ವೇದಿಕೆಗೆ ಬಂದದ್ದು ನಾಲ್ಕೇ ಸಾಲು.

ಇಲ್ಲಿ ನಮ್ಮ ತಪ್ಪನ್ನು ನಾವೇ ಹೇಳಿಕೊಳ್ಳಬೇಕು. ಶೃಂಗೇರಿಯ ಓಲೆಯನ್ನು ಸನ್ನಡತೆಯ ಪ್ರಮಾಣಪತ್ರದಂತೆ ಎತ್ತಿಹಿಡಿದಾಗಲೆಲ್ಲ, ಪ್ರಮಾಣಪತ್ರ ಬೇಕು ಎಂಬ ಎದುರಾಳಿಯ ಷರತ್ತನ್ನು ನಾವು ಒಪ್ಪಿಕೊಂಡಂತಾಗುತ್ತದೆ. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬಾಣಲೆಯ ಮುಂದೆ ನೂಲು ಬಿಚ್ಚುವ ಮುಸ್ಲಿಂ ಹೆಂಗಸು 1786ರ ಕೊಡಗಿಗೆ ಉತ್ತರ ಕೊಡಬೇಕಾದವಳಲ್ಲ. 1791ರ ಶೃಂಗೇರಿಯನ್ನು ತೋರಿಸಿ ಈ ನಾಡಿನಲ್ಲಿ ತನ್ನ ಜಾಗ ಗಳಿಸಬೇಕಾದವಳೂ ಅಲ್ಲ. ಶೃಂಗೇರಿಯನ್ನು ಲೂಟಿ ಮಾಡಿದ ಸವಾರರ ಲೆಕ್ಕವನ್ನು ಇಂದಿನ ಮರಾಠಿಗರಿಂದ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಅರಸನ ಪುಣ್ಯ ಅರಸನದು, ಪಾಪವೂ ಅವನದೇ. ಅದನ್ನು ವಂಶಪಾರಂಪರ್ಯವಾಗಿ ಹಂಚಲು ಅದೇನು ಇನಾಮು ಜಮೀನಲ್ಲ.

ಹೀಗೆ ಬಿಡುಗಡೆಯಾದ ಮೇಲೆ ಮಾತ್ರ ಓಲೆಗಳನ್ನು ಓಲೆಗಳಾಗಿ ಓದಲು ಸಾಧ್ಯ. ಯಾರು ಕೊಟ್ಟರು, ಏನು ಕೇಳಿದರು, ಈ ಕಾಗದವನ್ನು ಉಳಿಸಿ ನಮ್ಮ ಕೈಗೆ ಮುಟ್ಟಿಸಿದವರು ಯಾರು? ಶೃಂಗೇರಿಯ ಪತ್ರಗಳನ್ನು ಉಳಿಸಿದ್ದು ಅವನ್ನು ಪಡೆದ ಮಠವೇ. ಶತಮಾನಕ್ಕೂ ಹೆಚ್ಚು ಕಾಲ, ಅರಸರು ಬದಲಾದ ಮೇಲೂ, ಸೋತ ಸುಲ್ತಾನನ ಓಲೆಗಳನ್ನು ಆ ಮಠ ಜೋಪಾನವಾಗಿ ಇಟ್ಟುಕೊಂಡಿತು. ನಮ್ಮ ವಾದಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಕೊಟ್ಟವನ ಬಗ್ಗೆ ಇಷ್ಟು ಮಾತಾಡುವ ನಾವು ಇಟ್ಟುಕೊಂಡವರ ಬಗ್ಗೆಯೂ ಒಂದು ಮಾತು ಹೇಳಬೇಕಲ್ಲವೇ?

ಪೆರೇಸಂದ್ರದಲ್ಲಿ ಬಸ್ಸು ಕಾಯುವವನ ಕವರಿನಲ್ಲಿರುವ ಕಾಗದವೂ ನಾಳೆ ಯಾರದೋ ಕಡತ ಸೇರುತ್ತದೆ. ಇನ್ನೂರು ವರ್ಷದ ನಂತರ ಅದನ್ನು ಓದುವವನು, ಬರೆದ ಜನಪ್ರತಿನಿಧಿ ದೇವರೋ ದೆವ್ವವೋ ಎಂದು ಜಗಳಕ್ಕೆ ನಿಲ್ಲದೆ, ಆ ಹುಡುಗಿಗೆ ಹಾಸ್ಟೆಲ್ ಸಿಕ್ಕಿತೇ, ಅದಕ್ಕೆ ಅವಳ ಅಪ್ಪ ಏನು ತೆರಬೇಕಾಯಿತು ಎಂದು ಕೇಳಲಿ. ಟಿಪ್ಪುವಿನ ಓಲೆಗಳನ್ನು ನಾವು ಓದಬೇಕಾದದ್ದೂ ಹೀಗೆಯೇ.