ನಡೆದು ಹೋದವರು ಕಾಣುವುದಿಲ್ಲ

ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಫೋಟೊಗಳನ್ನು ತೆಗೆದ. ವಿಠ್ಠಲ ಗುಡಿಯ ಕಲ್ಲಿನ ರಥವೂ ಅವುಗಳಲ್ಲಿದೆ. ಆ ಚಿತ್ರಗಳಿಗೆಂದು ನಾನೇ ಹೊಸೆದ ನಾಲ್ಕು ಸಾಲು ಇಲ್ಲಿವೆ, ಬಿಡಿಸಿ ನೋಡೋಣ.

‘ಮೇಣದ ಕಾಗದಕ್ಕೆ ಇಳಿದ ಕಲ್ಲು’
ಆಗ ಫಿಲ್ಮ್ ಎಲ್ಲಿತ್ತು? ಕಾಗದಕ್ಕೆ ಮೇಣ ಕುಡಿಸಿ, ಬೆಳ್ಳಿಯ ಲವಣ ಹತ್ತಿಸಿ ನೆಗೆಟಿವ್ ಮಾಡುತ್ತಿದ್ದರು. ಮೊದಲೇ ಸಿದ್ಧಮಾಡಿ ಒಣಗಿಸಿ ಇಟ್ಟುಕೊಳ್ಳಬಹುದಾದ್ದರಿಂದ ನಮ್ಮ ಬಿಸಿಲಿಗೆ ಒಗ್ಗಿತು.

‘ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ’
ಹೌದು, ಇತ್ತು. ಆಮೇಲೆ ಹೋಯಿತು. 2017ರಲ್ಲಿ ಬಂದ ನೀಲಿ ಐವತ್ತರ ನೋಟು ತಿರುಗಿಸಿ ನೋಡಿ: ಗಾಲಿ ಇದೆ, ಕಂಬ ಇದೆ, ನೆತ್ತಿ ಬೋಳು. ಈಗ ನಮಗೆ ಅದೇ ಅಸಲಿ ರಥ. ಆಸ್ಟ್ರೇಲಿಯದ ಜಾನ್ ಗೊಲ್ಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೊ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಹೋಯಿತು ಗೊತ್ತಾಗುತ್ತದೆ.

‘ನಡೆದು ಹೋದವರು ಕಾಣುವುದಿಲ್ಲ’
ನನಗೆ ಮುಖ್ಯವಾದ ಸಾಲು ಇದೇ. ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕು. ಕದಲದೆ ನಿಂತವರು ಉಳಿಯುತ್ತಾರೆ. ಕುರಿ ಹೊಡೆದುಕೊಂಡು ಹೋದವರು, ತಲೆಯ ಮೇಲೆ ಕೊಡ ಹೊತ್ತವರು ಅಳಿಸಿಹೋಗುತ್ತಾರೆ. ಹಾಗಾಗಿ ಊರು ಇದ್ದದ್ದಕ್ಕಿಂತ ಹೆಚ್ಚು ಹಾಳಾಗಿ ಕಾಣುತ್ತದೆ. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ತನ್ನ ಪುಸ್ತಕದ ಹೆಸರಿನಲ್ಲೇ ಸಾರಿದ. ಮರೆತವರು ಯಾರು? ವಿರೂಪಾಕ್ಷನಿಗೆ ಪೂಜೆ ನಡೆದೇ ಇತ್ತು. ಜಪಾನಿನ ಫೋಟೊಗಳ ಕಥೆ ಇನ್ನೊಂದು ಥರ. 1863ರಲ್ಲಿ ಯೊಕೊಹಾಮಾಕ್ಕೆ ಬಂದ ಫೋಟೊಗ್ರಾಫರ್ ಫೆಲಿಚೆ ಬಿಯಾಟೊ ಜನರನ್ನು ಸ್ಟುಡಿಯೊದಲ್ಲಿ ನಿಲ್ಲಿಸಿ, ಚಿತ್ರಕ್ಕೆ ಕೈಯಿಂದ ಬಣ್ಣ ಹಾಕಿಸಿ ಮಾರಿದ. ಪರದೇಶದವರ ಕಣ್ಣಲ್ಲಿ ಜಪಾನೆಂದರೆ ಅದೇ ಆಯಿತು. ಅಲ್ಲಿ ಜನ ವೇಷವಾದರು, ಇಲ್ಲಿ ಮಾಯವಾದರು.

‘ಹೊಳೆಯಾಚೆ ಆನೆಗೊಂದಿ’
ಆನೆಗೊಂದಿ ಈಗ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿದೆ. 1948ರ ಹೊತ್ತಿಗೂ ಆ ದಡ ಹೈದರಾಬಾದ್ ಸಂಸ್ಥಾನ, ಈ ದಡ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. 1986ರಲ್ಲಿ ಇಲ್ಲಿನ ಸ್ಮಾರಕಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಲೂ ಹೆಸರು ಹಂಪಿಯದೇ. ಕೋಟೆಬಾಗಿಲೊಳಗೆ ಇಂದಿಗೂ ಒಲೆ ಉರಿಯುವ ಆನೆಗೊಂದಿ ಮಾತ್ರ ಪೋಸ್ಟ್‌ಕಾರ್ಡಿಗೆ ಬೇಕಾಗಲಿಲ್ಲ.

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಹಂಪಿ, ಆನೆಗೊಂದಿಯ ಜಾತ್ರೆಯಲ್ಲಿ ತೆಗೆಸಿಕೊಂಡ ಹಳೆಯ ಫೋಟೊ ಇದ್ದರೆ, ಹಿಂದುಗಡೆ ಇಸವಿಯನ್ನೂ ನಿಂತವರ ಹೆಸರನ್ನೂ ಬರೆದಿಡಿ. ಗುರುತಿಸುವ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.