ಗಡಿಸೀಮೆಯ ಗಿಟಾರಿಗೆ ಎಂಥ ಟ್ಯೂನರ್ ತಕ್ಕದ್ದು?

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಹಾಡಿಕೆಯನ್ನು ಕುರಿತ ಯಾವ ಚರ್ಚೆಯೂ ದಾಸರ ತಂಬೂರಿಯನ್ನು ಬದಿಗಿಟ್ಟು ಮುಂದುವರಿಯಲಾರದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು; ವಿಜಯದಾಸರ ಶಿಷ್ಯರೂ ಜಗನ್ನಾಥದಾಸರ ಗುರುಗಳೂ ಆದ ಗೋಪಾಲದಾಸರು ನೆಲೆಸಿದ್ದ ಉತ್ತನೂರು ಇಂದಿಗೂ ಗದ್ವಾಲ ಜಿಲ್ಲೆಯಲ್ಲೇ ಇದೆ; ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಊರುಗಳಲ್ಲಿ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. ಇಂಥ ಸೀಮೆಯಲ್ಲಿ ಹಾಡಿಕೆಯೆಂದರೆ ಹಾಡುವವರ ಕಂಠಕ್ಕೆ ಒಗ್ಗುವ ಷಡ್ಜವನ್ನು ಮೊದಲು ಹಿಡಿದು, ತಂಬೂರಿಯನ್ನೋ ಹಾರ್ಮೋನಿಯಮ್ಮನ್ನೋ ಆಧಾರವಾಗಿಟ್ಟುಕೊಂಡು, ಉಳಿದ ವಾದ್ಯಗಳನ್ನೆಲ್ಲ ಅದಕ್ಕೆ ಸೇರಿಸುವ ಕ್ರಮ. ಗಿಟಾರ್ ಕಲಿತ ಹುಡುಗನೋ ಹುಡುಗಿಯೋ ಇಂಥ ಕೂಟಕ್ಕೆ ಬಂದು ಕೂತಾಗ ಆ ವಾದ್ಯವನ್ನು ಯಾವ ಯಂತ್ರದಿಂದ, ಯಾವ ಆಧಾರಕ್ಕೆ ಶ್ರುತಿ ಮಾಡಬೇಕೆಂಬುದು ಕೇವಲ ಅಂಗಡಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಟ್ಯೂನರುಗಳ ಗುಣದೋಷವನ್ನು ಈ ನೆಲೆಯಿಂದಲೇ ತೂಗಬೇಕು.

ಟ್ಯೂನರ್ ಎಂದರೆ ಮೀಟಿದ ತಂತಿಯ ಕಂಪನವನ್ನು ಅಳೆದು, ಅದು ಯಾವ ಸ್ವರಕ್ಕೆ ಹತ್ತಿರವಿದೆ, ಎಷ್ಟು ಏರಿದೆ ಅಥವಾ ಇಳಿದಿದೆ ಎಂಬುದನ್ನು ಮುಳ್ಳಿನಿಂದಲೋ ದೀಪದಿಂದಲೋ ತೋರಿಸುವ ಸಾಧನ. 1975ರಲ್ಲಿ ಜಪಾನಿನ ಕಾರ್ಗ್ ಕಂಪನಿ ಹೊರತಂದ ಡಬ್ಲ್ಯೂಟಿ-10 ಎಂಬ ಮುಳ್ಳಿನ ಯಂತ್ರ ಇದನ್ನು ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ತಂದಿತು. ಮೀಟಿದ ಸ್ವರ ಯಾವುದೆಂದು ತಾನೇ ಗುರುತಿಸುವ ಬಾಸ್ ಟಿಯು-12 ಬಂದದ್ದು 1983ರಲ್ಲಿ. ಅಲ್ಲಿಂದೀಚೆಗೆ ಗಾತ್ರವೂ ಬೆಲೆಯೂ ಕುಗ್ಗುತ್ತ ಬಂದು, ಈಗ ಕೆಲವು ನೂರು ರೂಪಾಯಿಗೆ ಹೆಬ್ಬೆರಳಿನಷ್ಟು ಚಿಕ್ಕ ಯಂತ್ರ ಸಿಗುತ್ತದೆ.

ಈ ಯಂತ್ರಗಳೆಲ್ಲ ಎರಡು ಒಪ್ಪಂದಗಳ ಮೇಲೆ ನಿಂತಿವೆ. ಮಧ್ಯ ಸಪ್ತಕದ ‘ಎ’ ಸ್ವರವನ್ನು ಸೆಕೆಂಡಿಗೆ 440 ಕಂಪನಗಳೆಂದು, ಅಂದರೆ 440 ಹರ್ಟ್ಜ್ ಎಂದು ಗೊತ್ತುಮಾಡಿರುವುದು ಮೊದಲನೆಯದು. ಒಂದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ, ಒಂದೊಂದು ಭಾಗವನ್ನೂ ನೂರು ಸೆಂಟ್ ಎಂಬ ಸಣ್ಣ ಅಳತೆಗಳಾಗಿ ಒಡೆದಿರುವುದು ಎರಡನೆಯದು. ಈ ಸೆಂಟ್ ಅಳತೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವಿದ್ವಾಂಸ ಅಲೆಕ್ಸಾಂಡರ್ ಎಲ್ಲಿಸ್‌ನ ಕೊಡುಗೆ. ಗಿಟಾರಿನ ದಪ್ಪ ತಂತಿ 82.41, ಅದರ ಪಕ್ಕದ್ದು 110, ಕೊನೆಯ ತೆಳು ತಂತಿ 329.63 ಹರ್ಟ್ಜ್ ಎಂಬ ಲೆಕ್ಕಗಳೆಲ್ಲ ಈ ಒಪ್ಪಂದಗಳಿಂದಲೇ ಹುಟ್ಟಿದವು. ಗಿಟಾರಿನ ಮೆಟ್ಟಿಲುಗಳನ್ನು ಕೂರಿಸಿರುವುದೂ ಇದೇ ಸಮಭಾಗದ ಲೆಕ್ಕಕ್ಕೆ. ಹಾಗಾಗಿ ಗಿಟಾರ್ ಒಂಟಿಯಾಗಿ ನುಡಿಯುವವರೆಗೆ ಟ್ಯೂನರ್ ಹೇಳಿದ್ದನ್ನು ಪ್ರಶ್ನಿಸುವ ಕಾರಣವೇ ಬರುವುದಿಲ್ಲ.

ಕಾರಣ ಬರುವುದು ಹಾರ್ಮೋನಿಯಂ ಜೊತೆಯಾದಾಗ. ಹಾರ್ಮೋನಿಯಮ್ಮಿನ ಸ್ವರ ಹುಟ್ಟುವುದು ಹಿತ್ತಾಳೆಯ ನಾಲಗೆಗಳಿಂದ. ಅವನ್ನು ಕೆರೆದು ಸರಿಪಡಿಸುವುದು ಕಸುಬುದಾರನ ಕೆಲಸವೇ ಹೊರತು ಭಜನೆಯ ಹೊತ್ತಿನಲ್ಲಿ ಆಗುವ ಕೆಲಸವಲ್ಲ. ಹಳೆಯ ಪೆಟ್ಟಿಗೆಗಳು ಎಲ್ಲವೂ 440ಕ್ಕೆ ಸರಿಯಾಗಿ ನಿಂತಿರುತ್ತವೆ ಎನ್ನುವಂತಿಲ್ಲ. ಕೆಲವು ಏರಿರುತ್ತವೆ, ಕೆಲವು ಇಳಿದಿರುತ್ತವೆ. ಗಿಟಾರ್ ಮಾತ್ರ ಯಂತ್ರದ ಪ್ರಕಾರ ಅಚ್ಚುಕಟ್ಟಾಗಿದ್ದು ಹಾರ್ಮೋನಿಯಂ ಇಪ್ಪತ್ತು ಸೆಂಟ್ ಏರಿದ್ದರೆ, ತಪ್ಪು ಯಾರದೆಂಬ ವಾದಕ್ಕೆ ಅರ್ಥವಿಲ್ಲ, ಕೂಟ ಮಾತ್ರ ಕೆಡುತ್ತದೆ. ಆಗ ಬಾಗಬೇಕಾದದ್ದು ಗಿಟಾರೇ, ಏಕೆಂದರೆ ಬಿರಡೆಗಳಿರುವುದು ಅದಕ್ಕೆ.

ಇದಕ್ಕಾಗಿಯೇ ಕೆಲವು ಟ್ಯೂನರುಗಳಲ್ಲಿ ಆಧಾರದ ಸಂಖ್ಯೆಯನ್ನು ಬದಲಿಸುವ ಗುಂಡಿ ಇರುತ್ತದೆ, ಸಾಮಾನ್ಯವಾಗಿ 430ರಿಂದ 450ರವರೆಗೆ. ಹಾರ್ಮೋನಿಯಮ್ಮಿನ ಬಿಳಿ ಆರು, ಅಂದರೆ ‘ಎ’ ಮನೆಯನ್ನು ಒತ್ತಿ ಹಿಡಿದು, ಪಕ್ಕದಲ್ಲಿ ಟ್ಯೂನರ್ ಇಟ್ಟು, ಮುಳ್ಳು ನಟ್ಟನಡುವೆ ನಿಲ್ಲುವವರೆಗೆ ಆ ಸಂಖ್ಯೆಯನ್ನು ಒಂದೊಂದಾಗಿ ಏರಿಸಬೇಕು ಅಥವಾ ಇಳಿಸಬೇಕು. ಈ ಎತ್ತರದಲ್ಲಿ ಒಂದು ಹರ್ಟ್ಜ್ ಎಂದರೆ ಸುಮಾರು ನಾಲ್ಕು ಸೆಂಟ್. ಇಪ್ಪತ್ತು ಸೆಂಟ್ ಏರಿದ ಪೆಟ್ಟಿಗೆಯ ಮುಂದೆ ಸಂಖ್ಯೆ 445ರಲ್ಲಿ ನಿಲ್ಲುತ್ತದೆ. ಆ ಬಳಿಕ ಗಿಟಾರಿನ ಆರೂ ತಂತಿಗಳನ್ನು ಆ ಹೊಸ ಆಧಾರಕ್ಕೆ ಸೇರಿಸಿದರೆ ಎರಡು ವಾದ್ಯಗಳೂ ಒಂದೇ ಆಧಾರಕ್ಕೆ ಬರುತ್ತವೆ. ಎರಡು ನಿಮಿಷದ ಈ ಕೆಲಸವನ್ನು 440ಕ್ಕೆ ಬಿಗಿದುಕೊಂಡ ಅಗ್ಗದ ಯಂತ್ರಗಳು ಮಾಡಲಾರವು. ಭಜನೆಗೆ ಹೋಗುವ ಗಿಟಾರಿಗೆ ಅಂಥ ಯಂತ್ರ ಬೇಡವೇ ಬೇಡ.

ಗಿಟಾರಿನ ಆರು ತಂತಿಗಳ ಹೆಸರನ್ನಷ್ಟೇ ಬಲ್ಲ ಟ್ಯೂನರುಗಳೂ ಇವೆ. ಹನ್ನೆರಡು ಸ್ವರಗಳನ್ನೂ ಗುರುತಿಸುವ ಬಗೆಯನ್ನು ಕ್ರೊಮ್ಯಾಟಿಕ್ ಟ್ಯೂನರ್ ಎನ್ನುತ್ತಾರೆ. ಇಲ್ಲಿನ ಹಾಡಿಕೆಗೆ ಎರಡನೆಯದೇ ಬೇಕು. ಹಾಡುವವರು ಕರಿ ಒಂದರಲ್ಲಿ ಷಡ್ಜ ಹಿಡಿದರೆಂದುಕೊಳ್ಳೋಣ. ಗಿಟಾರಿನವರು ಆಗ ಮೊದಲ ಮೆಟ್ಟಿಲಿಗೆ ಕ್ಯಾಪೋ, ಅಂದರೆ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟಿ, ಹಾಕುತ್ತಾರೆ. ಕ್ಯಾಪೋದ ಒತ್ತಡಕ್ಕೆ ತಂತಿಗಳು ತುಸು ಏರುವುದು ಸಹಜ, ಅದರಲ್ಲೂ ಒತ್ತಡ ಹೆಚ್ಚಾದಾಗ. ಆದ್ದರಿಂದ ಶ್ರುತಿಯನ್ನು ಮತ್ತೆ ನೋಡಬೇಕಾಗುತ್ತದೆ. ಆ ಹೊತ್ತಿಗೆ ಆರೇ ಹೆಸರು ಬಲ್ಲ ಯಂತ್ರ ಸುಮ್ಮನಾಗುತ್ತದೆ.

ಯಂತ್ರ ಎಷ್ಟೇ ಒಳ್ಳೆಯದಾದರೂ ಅದರ ಅಳವಿಗೆ ಸಿಗದ ಒಂದು ತೊಡಕು ತಂಬೂರಿಯ ಮುಂದೆ ಎದುರಾಗುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸರಿಸುವ ನೂಲಿನಿಂದ, ಅಂದರೆ ಜೀವಾಳಿಯಿಂದ, ಷಡ್ಜದ ತಂತಿಯೊಳಗೆ ಮೇಲಿನ ಅನುರಣನಗಳು ಎದ್ದು ಕೇಳುತ್ತವೆ. ಅವುಗಳಲ್ಲಿ ಐದನೆಯದು ಶುದ್ಧವಾದ ಅಂತರ ಗಾಂಧಾರ. ಕರಿ ಒಂದರ ಮಂದ್ರ ಷಡ್ಜ 138.59 ಹರ್ಟ್ಜ್ ಆದರೆ ಅದರ ಐದರಷ್ಟು ಸುಮಾರು 693. ಗಿಟಾರಿನ ಸಮಭಾಗದ ಲೆಕ್ಕದಲ್ಲಿ ಅದೇ ಗಾಂಧಾರ 698.46ಕ್ಕೆ ಬೀಳುತ್ತದೆ, ಅಂದರೆ ಸುಮಾರು 14 ಸೆಂಟ್ ಏರು. ಎರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಐದಾರು ಸಲ ನಾದ ಅಲುಗುವುದು ಕಿವಿಗೆ ಸ್ಪಷ್ಟವಾಗಿ ತಾಕುತ್ತದೆ. ಪಂಚಮದಲ್ಲಿ ಈ ವ್ಯತ್ಯಾಸ ಎರಡೇ ಸೆಂಟ್. ಅದು ಯಾರಿಗೂ ಭಾರವಾಗುವುದಿಲ್ಲ.

ಹೊಸದಾಗಿ ಕಲಿಯುವವರು ಈ ಅಲುಗಾಟವನ್ನು ಕೇಳಿ, ಟ್ಯೂನರ್ ಕೆಟ್ಟಿದೆಯೆಂದು ಶಂಕಿಸಿ, ಯಾವುದೋ ಒಂದು ತಂತಿಯನ್ನು ತುಸು ಇಳಿಸುತ್ತಾರೆ. ಒಂದು ಹಿಡಿತ, ಅಂದರೆ ಕಾರ್ಡ್, ಸಿಹಿಯಾಗುತ್ತದೆ, ಮುಂದಿನ ಹಿಡಿತ ಕೆಡುತ್ತದೆ. ಇದಕ್ಕೆ ಯಂತ್ರವನ್ನು ಬದಲಿಸುವುದು ಪರಿಹಾರವಲ್ಲ. ತಂಬೂರಿಯ ಜೊತೆಗೆ ಗಿಟಾರ್ ನುಡಿಸುವಾಗ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳ ಹಿಡಿತಕ್ಕೆ ನಿಲ್ಲುವುದೇ ಸರಿಯಾದ ದಾರಿ. ಗಾಂಧಾರವನ್ನು ಕಂಠಕ್ಕೇ ಬಿಟ್ಟುಕೊಟ್ಟರೆ ದಾಸರ ಪದ ಎಷ್ಟು ನಿರಾಳವಾಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಒಮ್ಮೆ ಕೇಳಿದವರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿಯಂಥವುಗಳಲ್ಲಿ ಶ್ರುತಿಯನ್ನು ಸಣ್ಣ ಪ್ರಮಾಣದಲ್ಲಿ ಏರಿಳಿಸುವ ಅನುಕೂಲವಿರುವುದರಿಂದ, ಹಾರ್ಮೋನಿಯಂ ಇಲ್ಲದ ಕೂಟದಲ್ಲಿ ಆ ತಂಬೂರಿಯ ಶ್ರುತಿಯನ್ನೇ ಗಿಟಾರಿನ ಹತ್ತಿರಕ್ಕೆ ತರುವುದೂ ಸಾಧ್ಯ.

ಇನ್ನು ಯಂತ್ರದ ಬಗೆ. ಮೊಬೈಲಿನ ಟ್ಯೂನರ್ ಆ್ಯಪ್‌ಗಳು ಮೈಕಿನಿಂದ ಕೇಳಿ ಅಳೆಯುತ್ತವೆ. ಮನೆಯ ಮೌನದಲ್ಲಿ ಅವು ಸಾಕು, ಕಾಸೂ ಖರ್ಚಿಲ್ಲ, ಕಲಿಯುವ ಮಕ್ಕಳಿಗೆ ಅದೇ ಮೊದಲು ಇರಲಿ. ತಾಳ, ಡೋಲಕ್, ಜನರ ಮಾತು ಎಲ್ಲ ಸೇರಿದ ಜಾಗದಲ್ಲಿ ಅವುಗಳ ಮುಳ್ಳು ಎಲ್ಲೆಲ್ಲಿಗೋ ಹಾರುತ್ತದೆ. ಗಿಟಾರಿನ ತಲೆಗೆ ಚಿಮಟದಂತೆ ಕಚ್ಚಿಕೊಳ್ಳುವ ಕ್ಲಿಪ್ ಟ್ಯೂನರ್ ಗಾಳಿಯ ಸದ್ದನ್ನಲ್ಲ, ಮರದ ನಡುಕವನ್ನು ಹಿಡಿಯುತ್ತದೆ. ಒತ್ತಡ ಬಿದ್ದಾಗ ವಿದ್ಯುತ್ತನ್ನು ಹುಟ್ಟಿಸುವ ಪೀಜೋ ಎಂಬ ತುಣುಕು ಅದರೊಳಗಿರುತ್ತದೆ. ಆದ್ದರಿಂದ ಸದ್ದಿನ ನಡುವೆಯೂ ಅದು ಬಹುಮಟ್ಟಿಗೆ ನೆಟ್ಟಗೆ ನಡೆಯುತ್ತದೆ. ಹಾರ್ಮೋನಿಯಮ್ಮನ್ನು ಅಳೆಯಲು ಮೈಕೂ ಬೇಕಾಗುವುದರಿಂದ, ಕ್ಲಿಪ್ ಮತ್ತು ಮೈಕ್ ಎರಡನ್ನೂ ಬದಲಿಸಿಕೊಳ್ಳುವ ಸೌಲಭ್ಯವಿರುವ ಬಗೆ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಕಾಲಲ್ಲಿ ಒತ್ತುವ ಪೆಡಲ್ ಟ್ಯೂನರಿಗೆ ವೈರು ಜೋಡಿಸುವ ಗಿಟಾರ್ ಬೇಕು. ವೇದಿಕೆಯ ತಂಡಗಳಿಗೆ, ಚರ್ಚಿನ ವಾದ್ಯವೃಂದಕ್ಕೆ ಅದು ಒಳ್ಳೆಯದೇ, ಉಳಿದವರಿಗೆ ಅನವಶ್ಯಕ.

ಮಾರುವವರು ಹೆಚ್ಚು ಒತ್ತಿ ಹೇಳುವ ನಿಖರತೆಯ ಅಂಕಿಗೆ ಅಷ್ಟು ಬೆಲೆ ಕೊಡಬೇಕಿಲ್ಲ. ಸಾಧಾರಣ ಯಂತ್ರಗಳು ಒಂದು ಸೆಂಟ್ ಆಚೀಚೆ ಎನ್ನುತ್ತವೆ. ದೀಪದ ಪಟ್ಟೆಗಳು ಓಡುವುದನ್ನು ನೋಡಿ ಶ್ರುತಿ ಮಾಡುವ ಸ್ಟ್ರೋಬ್ ಬಗೆಯವು ಅದರ ಹತ್ತನೆಯ ಒಂದು ಭಾಗ ಎನ್ನುತ್ತವೆ. ತಂತಿಯನ್ನು ಜೋರಾಗಿ ಮೀಟಿದ ಕ್ಷಣಕ್ಕೂ ಎರಡು ಸೆಕೆಂಡಿನ ಬಳಿಕಕ್ಕೂ ಅದಕ್ಕಿಂತ ದೊಡ್ಡ ಏರಿಳಿತ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ನೆರಳಿನಿಂದ ಬಿಸಿಲಿಗೆ ಬಂದ ಉಕ್ಕಿನ ತಂತಿ ಹಿಗ್ಗಿ ಇಳಿಯುವುದರ ಮುಂದಂತೂ ಆ ಅಂಕಿ ಏನೂ ಅಲ್ಲ. ಹೆಚ್ಚಿನ ಹಣವಿದ್ದರೆ ಅದನ್ನು ಬಿಸಿಲಿನಲ್ಲೂ ಓದಿಸಿಕೊಳ್ಳುವ ಪರದೆಗೆ, ಸಡಿಲವಾಗದ ಕ್ಲಿಪ್ಪಿಗೆ, ಸುಲಭವಾಗಿ ಸಿಗುವ ಬ್ಯಾಟರಿಗೆ ಕೊಡುವುದು ಲೇಸು.

ಕೊಂಡ ಮೇಲೆ ಬಳಸುವ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ತಂತಿ ಏರಿದ್ದರೆ ನೇರವಾಗಿ ಇಳಿಸಿ ನಿಲ್ಲಿಸದೆ, ಬೇಕಾದ್ದಕ್ಕಿಂತ ಕೆಳಗೆ ಬಿಟ್ಟು ಮತ್ತೆ ಏರಿಸಿಯೇ ಮುಳ್ಳನ್ನು ನಡುವಿಗೆ ತರಬೇಕು. ಬಿರಡೆಯ ಹಲ್ಲುಗಳ ಸಡಿಲು ಆಗ ಮಾತ್ರ ಬಿಗಿಯಾಗಿ ಕೂರುತ್ತದೆ. ಆರು ತಂತಿಗಳೂ ಮುಗಿದ ಮೇಲೆ ಮೊದಲನೆಯದನ್ನು ಮತ್ತೊಮ್ಮೆ ನೋಡಬೇಕು, ಏಕೆಂದರೆ ಉಳಿದವುಗಳ ಎಳೆತಕ್ಕೆ ಮರದ ಕತ್ತು ಕೊಂಚ ಬಾಗಿರುತ್ತದೆ. ಕೊನೆಯಲ್ಲಿ ಯಂತ್ರವನ್ನು ಆರಿಸಿ, ಷಡ್ಜವನ್ನು ಹಾರ್ಮೋನಿಯಮ್ಮಿನ ಮೇಲೆ ಇಟ್ಟು ಕಿವಿಯಿಂದಲೇ ಒಮ್ಮೆ ಪರೀಕ್ಷಿಸುವ ಅಭ್ಯಾಸವನ್ನು ಕಲಿಸುವವರು ಮಕ್ಕಳಿಗೆ ಮೊದಲ ದಿನದಿಂದಲೇ ರೂಢಿಸಬೇಕು.

ಒಟ್ಟಿನಲ್ಲಿ ನಾರಾಯಣಪೇಟೆಯಲ್ಲಾಗಲಿ ಮಕ್ತಲ್, ಗದ್ವಾಲಗಳಲ್ಲಾಗಲಿ ಹಾಡುವವರ ಜೊತೆ ಕೂರಲಿರುವ ಗಿಟಾರಿಗೆ ತಕ್ಕದ್ದು, ಹನ್ನೆರಡು ಸ್ವರಗಳನ್ನೂ ಬಲ್ಲ, ಆಧಾರದ ಸಂಖ್ಯೆಯನ್ನು ಬದಲಿಸಬಹುದಾದ ಕ್ಲಿಪ್ ಟ್ಯೂನರ್. ಕೊಳ್ಳುವವರು ಹಣ ಕೊಡುವ ಮೊದಲು 440ನ್ನು 445ಕ್ಕೆ ಬದಲಿಸಿ ತೋರಿಸಿರೆಂದು ಅಂಗಡಿಯವರನ್ನು ಕೇಳಲಿ. ಅದು ಆಗದ ಯಂತ್ರವನ್ನು ಅಲ್ಲಿಯೇ ಬಿಟ್ಟು ಬರಲಿ.