ಹಟ್ಟಿಯ ಪದ ಕೇಳುವವರಿಗೆ

ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಪದ ಕೇಳಲು ಹೊರಟವರು ಮೊದಲು ರಾಗ ಹುಡುಕುವುದನ್ನು ಬಿಡಬೇಕು. ತಳುಕಿನ ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ ಓದಿ ಚಿತ್ರದುರ್ಗದ ಸಂಗೀತವೆಂದರೆ ಭೈರವಿ ರಾಗ ಎಂದುಕೊಂಡವರು ಬಹಳ. ತಳುಕು ಇರುವ ಅದೇ ಚಳ್ಳಕೆರೆ ತಾಲ್ಲೂಕಿನ ಹಟ್ಟಿಗಳ ಸಂಗೀತದ ದಾರಿ ಬೇರೆ.

ಹುಡುಗುವಯಸ್ಸಿನಲ್ಲಿ ನನ್ನ ಕಿವಿಯನ್ನು ಹದ ಮಾಡಿದ್ದು ಕಾಡುಗೊಲ್ಲ ಹೆಣ್ಣುಮಕ್ಕಳ ಸೋಬಾನೆ. ಇಬ್ಬರು ಸೊಲ್ಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಹೊಸಬರಿಗೆ ಬೇಸರ ಬರುವುದು ಇಲ್ಲೇ: ಹೇಳಿದ್ದನ್ನೇ ಹೇಳುತ್ತಾರಲ್ಲ! ಸ್ವಲ್ಪ ತಾಳಿ, ಸಾಲು ಮುಗಿಯುವ ಜಾಗಕ್ಕೆ ಕಿವಿಯಿಡಿ. ಮೊದಲ ಜೋಡಿಯ ಉಸಿರು ಇಳಿಯುವ ಮುಂಚೆಯೇ ಎರಡನೆಯ ಜೋಡಿ ಕೈಹಾಕಿರುತ್ತದೆ. ಎರಡು ದನಿ ಒಂದರ ಮೇಲೊಂದು ಕೂಡುವ ಆ ಅರೆಗಳಿಗೆಯಲ್ಲೇ ಪದದ ಸೊಗಸೆಲ್ಲ ಇದೆ. ಎರಡನೆಯ ಜೋಡಿ ಹೇಳುತ್ತಿರುವಷ್ಟು ಹೊತ್ತಿನಲ್ಲಿ ಸೊಲ್ಲು ಎತ್ತುವವರು ಬರುವ ಸಾಲನ್ನು ನೆನಪಿನಿಂದ ತೆಗೆದು ಸಿದ್ಧ ಮಾಡಿಕೊಂಡಿರುತ್ತಾರೆ. ಬರಹವಿಲ್ಲದೆ ಇರುಳಿಡೀ ಹಾಡು ಸಾಗುವುದು ಹೀಗೆ. ಇವತ್ತಿಗೂ ಎಂಥ ದೊಡ್ಡ ಗಾಯಕರ ಕಛೇರಿಯಲ್ಲಿ ಕೂತರೂ, ಸಾಲಿನ ಕೊನೆಯನ್ನು ಹೇಗೆ ಬಿಡುತ್ತಾರೆ ಎಂದೇ ನನ್ನ ಕಿವಿ ಕಾಯುತ್ತದೆ.

ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಈ ಪರಂಪರೆಯ ದೊಡ್ಡ ಹೆಸರು. ಓದುಬರಹ ಬಾರದ ಆ ತಾಯಿ ನಾಡೋಜ ಗೌರವ ಪಡೆದವರು. ಅವರ ಪದಗಳನ್ನು ಕೃಷ್ಣಮೂರ್ತಿ ಹನೂರರು ‘ಸಾವಿರದ ಸಿರಿ ಬೆಳಗು’ ಎಂಬ ಹೆಸರಿನಲ್ಲಿ ಪುಸ್ತಕಕ್ಕೆ ತಂದರು. ಓದಲೇಬೇಕಾದ ಪುಸ್ತಕ, ಆದರೆ ಕೇಳಿದ ಮೇಲೆ ಓದಿ. ಅಚ್ಚಿನಲ್ಲಿ ಸಾಲು ಸಿಗುತ್ತದೆ, ದನಿಗೂಡಿಸುವವರು ಸಿಗುವುದಿಲ್ಲ.

ಗಂಡಸರ ಕಡೆ ಗಣೆ ಇದೆ. ಉದ್ದನೆಯ ಬಿದಿರಿನ ಕೊಳಲು, ಕಾಡುಗೊಲ್ಲರ ವೀರ ಜುಂಜಪ್ಪನ ಕಾವ್ಯದ ಸಂಗಾತಿ. ಕಥೆ ಒಂದಷ್ಟು ಹಾಡಿ, ಗಣೆ ಊದಿ, ಮತ್ತೆ ಕಥೆ. ಸಿನಿಮಾ ಕೊಳಲಿನ ಇಂಪು ಬಯಸಬೇಡಿ. ಇದರ ಸ್ವರದೊಳಗೆ ಊದುವವನ ಉಸಿರಿನ ಸದ್ದೂ ಬೆರೆತಿರುತ್ತದೆ, ಅದನ್ನು ಕುಂದೆಂದು ತಿಳಿಯಬಾರದು. ದನ ಕಾದ ವೀರನ ಕಥೆಗೆ ಆ ದನಿಯೇ ಸರಿ.

ಆಂಧ್ರದ ಗಡಿಗೆ ಅಂಟಿದ ಮೊಳಕಾಲ್ಮೂರು ಕಡೆಗೆ ಹೋದರೆ ಮ್ಯಾಸಬೇಡ ಸಮುದಾಯದ ದೇವರುಗಳ ಮುಂದೆ ಉರುಮೆ ವಾದ್ಯ ಕೇಳಬಹುದು. ಒಂದು ಮುಖಕ್ಕೆ ಬಡಿತ, ಇನ್ನೊಂದಕ್ಕೆ ಕಡ್ಡಿಯ ಉಜ್ಜು. ಬಡಿತವನ್ನು ಎಲ್ಲರೂ ಹಿಡಿಯುತ್ತಾರೆ. ನೀವು ಉಜ್ಜಿನ ಗುಂಯ್‌ಗುಡುವಿಕೆಯನ್ನು ಹಿಂಬಾಲಿಸಿ. ಹಾಡಿನಲ್ಲಿ ತೆಲುಗು ಬೆರೆತರೆ ಅರ್ಥವನ್ನು ಆಮೇಲೆ ಕೇಳಿಕೊಂಡರಾಯಿತು.

ವೇದಿಕೆಯ ಐದು ನಿಮಿಷದ ತುಣುಕಿನಿಂದ ಇದು ದಕ್ಕುವುದಿಲ್ಲ. ಪುರ್ಲಹಳ್ಳಿಯಲ್ಲಿ ಕಾಡುಗೊಲ್ಲರ ದೇವರು ಕ್ಯಾತಪ್ಪನ ಜಾತ್ರೆಗೋ, ಕರೆದರೆ ಹಟ್ಟಿಯ ಮದುವೆಗೋ ಹೋಗಿ. ಹಿರಿಯರನ್ನು ಕೇಳದೆ ಮೊಬೈಲ್ ಹಿಡಿಯಬೇಡಿ. ಕಿವಿ ಹದವಾಗುವುದು ಹುಡುಗುವಯಸ್ಸಿನಲ್ಲೇ; ಹೋಗುವಾಗ ಮನೆಯ ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ.